ಮೂವತ್ತಾರಕ್ಕೇ ಗರ್ಭಕೋಶ ತೆಗೆಸಿ ಅಂದಿದ್ದಾರೆ, ಒಪ್ಪುವ ಮುಂಚೆ ಏನೇನು ಕೇಳಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಇದು ನನ್ನ ತಂಗಿಯ ವಿಷಯ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ವಯಸ್ಸು 36. ದಾವಣಗೆರೆ ಕಡೆಯ ಹಳ್ಳಿ. ಇಬ್ಬರು ಮಕ್ಕಳು. ಎರಡನೇ ಹೆರಿಗೆ ಆದಾಗಲೇ ಮಕ್ಕಳಾಗದ ಆಪರೇಷನ್ ಆಗಿದೆ. ಒಂದು ವರ್ಷದಿಂದ ಮುಟ್ಟು ಎಂಟು ಹತ್ತು ದಿನ ಹೋಗುತ್ತಿದೆ. ಗರಣೆ ಗರಣೆಯಾಗಿ ಬೀಳುತ್ತದೆ, ಎರಡನೇ ದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ಹೀಮೋಗ್ಲೋಬಿನ್ 8.2 ಇದೆ. ಸ್ಕ್ಯಾನ್‌ನಲ್ಲಿ 2.8 ಸೆಂಟಿಮೀಟರ್ ಗಡ್ಡೆ ಕಾಣಿಸಿದೆ.

ಊರ ಹತ್ತಿರದ ನರ್ಸಿಂಗ್ ಹೋಂನಲ್ಲಿ ನೋಡಿದ ಕೂಡಲೇ ಗರ್ಭಕೋಶ ತೆಗೆಯಬೇಕು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂದರಂತೆ. ಮುಂದಿನ ವಾರಕ್ಕೆ ದಿನವನ್ನೂ ಕೊಟ್ಟಿದ್ದಾರೆ. ಅವಳ ಗಂಡನ ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಮಕ್ಕಳಾಗಿವೆ, ಇನ್ನೇಕೆ ಅದು? ಮಾತ್ರೆಯನ್ನೇ ಕೊಡದೆ ನೇರವಾಗಿ ಆಪರೇಷನ್‌ಗೆ ಹೋಗುವುದು ಸರಿನಾ? ಬೇರೆ ದಾರಿ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸ್ತ್ರೀರೋಗ_ವೈದ್ಯೆ
ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸ್ತ್ರೀರೋಗ ತಜ್ಞೆ. ನೋಡದೆ ಇಲ್ಲಿಂದಲೇ ಹೀಗೇ ಮಾಡಿ ಅಂತ ಹೇಳಲಾರೆ. ಆದರೆ ಒಂದು ಮಾತು ಖಚಿತವಾಗಿ ಹೇಳಬಹುದು. ಈ ವಯಸ್ಸಿಗೆ, ಇಷ್ಟು ಸಣ್ಣ ಗಡ್ಡೆಗೆ, ಯಾವ ಔಷಧಿಯನ್ನೂ ಪ್ರಯತ್ನಿಸದೆ ವಾರದೊಳಗೆ ಗರ್ಭಕೋಶ ತೆಗೆಯುವ ಅವಸರ ಸಾಮಾನ್ಯವಾಗಿ ಇರುವುದಿಲ್ಲ. ಅವಸರ ಇರುವುದು ಹೀಮೋಗ್ಲೋಬಿನ್ ಏರಿಸುವುದಕ್ಕೆ. 8.2 ಅಂದರೆ ಸುಸ್ತು, ಉಬ್ಬಸ, ತಲೆಸುತ್ತು ಎಲ್ಲ ಬರುವ ಮಟ್ಟ. ಗರ್ಭಿಣಿ ಅಲ್ಲದ ಹೆಂಗಸಿಗೆ 12 ಇರಬೇಕು. ಕಬ್ಬಿಣದ ಮಾತ್ರೆ, ಅದು ಆಗದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಡ್ರಿಪ್, ಇದನ್ನು ಇವತ್ತೇ ಶುರು ಮಾಡಿಸಿ. ಮುಂದೆ ಆಪರೇಷನ್ ಬೇಕಾದರೂ ಹೀಮೋಗ್ಲೋಬಿನ್ ಏರಿಸಿಕೊಂಡೇ ಹೋಗಬೇಕು.

ಆಮೇಲೆ ಕೇಳಬೇಕಾದ್ದು, ಬ್ಲೀಡಿಂಗ್ ಯಾಕೆ ಆಗುತ್ತಿದೆ? ಗಡ್ಡೆ ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅಲ್ಲ. ಗಡ್ಡೆ ಎಲ್ಲಿದೆ ಅನ್ನುವುದು ಮುಖ್ಯ. ಗರ್ಭಕೋಶದ ಒಳಪೊರೆಗೆ ಚಾಚಿಕೊಂಡಿದ್ದರೆ ಒಂದೇ ಸೆಂಟಿಮೀಟರ್ ಇದ್ದರೂ ವಿಪರೀತ ರಕ್ತ ಹೋಗುತ್ತದೆ. ಅಂಥದ್ದನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ದುರ್ಬೀನು ಹಾಕಿ ತೆಗೆಯಬಹುದು. ಹೊರಗೋಡೆಯಲ್ಲಿ ಇರುವ ಗಡ್ಡೆ ಎಷ್ಟೋ ಸಲ ಯಾವ ತೊಂದರೆಯನ್ನೂ ಕೊಡದೆ ಸುಮ್ನೆ ಕೂತಿರುತ್ತದೆ, ಬ್ಲೀಡಿಂಗ್‌ಗೆ ಕಾರಣ ಬೇರೆಯೇ ಇರುತ್ತದೆ. ಥೈರಾಯ್ಡ್ ಪರೀಕ್ಷೆ ಮಾಡಿದ್ದಾರಾ? ಮಕ್ಕಳಾಗದ ಆಪರೇಷನ್ (ಟ್ಯೂಬೆಕ್ಟಮಿ) ಆಗಿದ್ದರೂ ಗರ್ಭ ಪರೀಕ್ಷೆ ಮಾಡಬೇಕು, ಅಪರೂಪಕ್ಕೆ ಗರ್ಭ ನಿಲ್ಲುವುದುಂಟು. ಹರೆಯದಿಂದಲೇ ಮುಟ್ಟು ಜಾಸ್ತಿ ಇತ್ತಾ, ಹಲ್ಲು ಕಿತ್ತಾಗ ರಕ್ತ ನಿಲ್ಲಲಿಲ್ವಾ ಅಂತಲೂ ಕೇಳಬೇಕು. ರಕ್ತ ಹೆಪ್ಪುಗಟ್ಟದ ಕಾಯಿಲೆ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ, ಪತ್ತೆಯೇ ಆಗಿರುವುದಿಲ್ಲ.

ಕ್ಯಾನ್ಸರ್ ಮಾತಿಗೆ ಬರುತ್ತೇನೆ. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಇಂಥ ಗಡ್ಡೆ, ಕ್ಯಾನ್ಸರ್ ಅಲ್ಲ. ಗಡ್ಡೆಯ ರೂಪದಲ್ಲಿ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಹೆಚ್ಚಿನ ಗಡ್ಡೆಗಳು ತಾವೇ ಕುಗ್ಗುತ್ತವೆ. ಅನುಮಾನ ನಿಜವಾಗಿಯೂ ಇದ್ದರೆ ಒಳಪೊರೆಯ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. 40 ದಾಟಿದವರಿಗೆ, ತೂಕ ಅಥವಾ ಸಕ್ಕರೆ ಕಾಯಿಲೆ ಜಾಸ್ತಿ ಇರುವವರಿಗೆ ಇದನ್ನು ಮಾಡುತ್ತೇವೆ. ಕ್ಯಾನ್ಸರ್ ಅಂತ ಹೆದರಿಸಿ, ಬಯಾಪ್ಸಿಯನ್ನೂ ಮಾಡದೆ ನೇರ ಆಪರೇಷನ್ ಟೇಬಲ್‌ಗೆ ಮಲಗಿಸುವುದು ನನಗೆ ಒಪ್ಪಿಗೆಯಾಗದ ಮಾತು. ನಿಜವಾಗಿಯೂ ಕ್ಯಾನ್ಸರ್ ಇದ್ದರೆ ಮಾಡಬೇಕಾದ ಆಪರೇಷನ್ನೇ ಬೇರೆ, ಮಾಡುವ ಡಾಕ್ಟರೂ ಬೇರೆ.

ತುಂಗಾತೀರ
ತುಂಬಾ ಥ್ಯಾಂಕ್ಸ್ ಮೇಡಂ. ಥೈರಾಯ್ಡ್ ನೋಡಿಲ್ಲ. ಗಡ್ಡೆ ಎಲ್ಲಿದೆ ಅಂತ ರಿಪೋರ್ಟ್‌ನಲ್ಲಿ 'ಇಂಟ್ರಾಮ್ಯೂರಲ್' ಅಂತಿದೆ. ಯಾವ ಔಷಧಿಗಳಿವೆ?

ಸ್ತ್ರೀರೋಗ_ವೈದ್ಯೆ
ಗೋಡೆಯೊಳಗೆ ಇದೆ ಅಂತ ಅರ್ಥ. ಒಳಪೊರೆಯನ್ನು ತಳ್ಳುತ್ತಿದೆಯಾ ಇಲ್ವಾ ಅಂತ ಎರಡನೇ ಡಾಕ್ಟರ್ ಹತ್ತಿರ ಕೇಳಿಸಿ.

ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ರಕ್ತ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು, ಹಾರ್ಮೋನ್ ಅಲ್ಲ. ರಕ್ತ ಹೋಗುವುದನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಆಗುವುದಿಲ್ಲ, ಹಾಗಾಗಿ ಸ್ವಂತ ತೀರ್ಮಾನದಲ್ಲಿ ಅಂಗಡಿಯಿಂದ ತಂದು ನುಂಗಬೇಡಿ. ನೋವು ಜಾಸ್ತಿ ಇದ್ದರೆ ಮೆಫೆನಮಿಕ್ ಆಸಿಡ್. ಹಾರ್ಮೋನ್ ಮಾತ್ರೆಗಳೂ ಇವೆ. ಲಕ್ನೋದ ಸರ್ಕಾರಿ ಪ್ರಯೋಗಾಲಯದಲ್ಲಿ ಕಂಡುಹಿಡಿದ ಆರ್ಮೆಲಾಕ್ಸಿಫೀನ್ ಅಂತಲೂ ಒಂದಿದೆ. ಅದೇ ಔಷಧಿ 'ಛಾಯಾ' ಹೆಸರಿನಲ್ಲಿ ಸರ್ಕಾರದ ಕುಟುಂಬ ಯೋಜನೆಯಲ್ಲಿ ಸಿಗುವುದು. ಜಾಸ್ತಿ ಬ್ಲೀಡಿಂಗ್‌ಗೂ ಅದನ್ನು ಕೊಡುತ್ತೇವೆ, ಪ್ರಮಾಣ ಬೇರೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ವಂಕಿ. ಮಿರೇನಾ ಅನ್ನುವ ಹೆಸರು ಕೇಳಿರಬಹುದು. ಗರ್ಭಕೋಶದ ಒಳಗೇ ಕೂತು ದಿನಾ ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಡುತ್ತದೆ, ಒಳಪೊರೆ ತೆಳ್ಳಗಾಗುತ್ತದೆ. ಕನಿಷ್ಠ ಐದು ವರ್ಷ ನಡೆಯುತ್ತದೆ. ಕಾಪರ್-ಟಿ ಮತ್ತು ಇದು ಒಂದೇ ಅಲ್ಲ. ಕಾಪರ್-ಟಿಯಿಂದ ಬ್ಲೀಡಿಂಗ್ ಹೆಚ್ಚಾಗುತ್ತದೆ, ಇದರಿಂದ ಕಡಿಮೆಯಾಗುತ್ತದೆ.

ಸಾಗರದಾಚೆ_ನರ್ಸಮ್ಮ
ಶಿವಮೊಗ್ಗದವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಇಲ್ಲಿಯ ನೈಸ್ ಸಂಸ್ಥೆ 2018ರಲ್ಲಿ ಹೊರಡಿಸಿದ ಸೂಚನೆಯಲ್ಲೂ ಹೀಗೇ ಇದೆ. ಗಡ್ಡೆ 3 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದು ಒಳಗಿನ ಜಾಗವನ್ನು ಒತ್ತದಿದ್ದರೆ ಮೊದಲು ಹಾರ್ಮೋನ್ ವಂಕಿ. ನಿಮ್ಮ ತಂಗಿಯದು 2.8.

ಬಿಸಿಲೂರು
ನಾನು ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತೇನೆ. 'ಮಕ್ಕಳಾಗಿವೆ, ಇನ್ನೇಕೆ ಅದು' ಅನ್ನುವ ಮಾತು ಓದಿ ಎದೆ ಉರಿಯಿತು. ನಮ್ಮ ಕಡೆ ಎಷ್ಟು ಹೆಂಗಸರ ಗರ್ಭಚೀಲ ಈ ಒಂದು ಮಾತಿಗೆ ಹೋಗಿದೆಯೋ ಲೆಕ್ಕವಿಲ್ಲ.

ಬರುವಾಗ ಅವರು ಹೇಳುವ ತೊಂದರೆ ಏನು? ಸೊಂಟ ನೋವು. ಬಿಳಿ ಸೆರಗು. ಕೆಳಹೊಟ್ಟೆ ನೋವು. ಸ್ಕ್ಯಾನ್ ಮಾಡಿ, ಪರದೆ ತೋರಿಸಿ, ಇಲ್ಲಿ ಹುಣ್ಣಾಗಿದೆ, ಕ್ಯಾನ್ಸರ್‌ಗೆ ತಿರುಗುತ್ತದೆ ಅನ್ನುತ್ತಾರೆ. ಓದು ಬಾರದ ಹೆಂಗಸಿಗೆ ಆ ಕಪ್ಪು ಬಿಳುಪು ಚಿತ್ರದಲ್ಲಿ ಏನು ಗೊತ್ತಾಗಬೇಕು? ಸಾಲ ಮಾಡಿ ಆಪರೇಷನ್ ಮಾಡಿಸುತ್ತಾರೆ. ತೊಂದರೆ ಕೊಡುವ ಬಿಳಿ ಸೆರಗು ಹೆಚ್ಚಾಗಿ ಸೋಂಕಿನಿಂದ ಬರುವುದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾತ್ರೆಯಲ್ಲಿ ಹೋಗುವುದು. ಕೆಲವು ಸೋಂಕಿಗೆ ಗಂಡನೂ ಮಾತ್ರೆ ನುಂಗಬೇಕು. ಅದನ್ನು ಹೇಳುವವರಿಲ್ಲ.

2017ರಲ್ಲಿ ಇದೇ ಕಾರಣಕ್ಕೆ ಲಂಬಾಣಿ ಮತ್ತು ದಲಿತ ಹೆಂಗಸರು ಕಲಬುರಗಿಯಲ್ಲಿ ಬೀದಿಗೆ ಇಳಿದರು. ಅದಕ್ಕೂ ಮುಂಚೆ ಕರ್ನಾಟಕ ಜನಾರೋಗ್ಯ ಚಳವಳಿಯವರು ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಮಾತು ಬರೆದುಕೊಂಡಿದ್ದರು. ಅವರಲ್ಲಿ ಎಷ್ಟೋ ಜನ ಇನ್ನೂ ನಲವತ್ತು ಮುಟ್ಟಿರಲಿಲ್ಲ. ಮಹಾರಾಷ್ಟ್ರದ ಬೀಡ್‌ನಲ್ಲಿ 2019ರಲ್ಲಿ ಕಬ್ಬು ಕಡಿಯುವ ಹೆಂಗಸರ ಸಮೀಕ್ಷೆ ಆಯಿತು. 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಕೋಶ ಇರಲಿಲ್ಲ. ಅಲ್ಲಿ ಒಂದು ದಿನ ಕೆಲಸ ತಪ್ಪಿದರೆ ಕೂಲಿಗೆ ಕರೆತರುವ ಮುಕಾದಮನಿಗೆ ದಂಡ ಕಟ್ಟಬೇಕು. ಗದ್ದೆಯಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಮರೆ ಇಲ್ಲ. ಮುಟ್ಟೇ ಬೇಡ ಅಂತ ಹೆಂಗಸೇ ಹೇಳುವ ಹಾಗೆ ಮಾಡಿಟ್ಟಿದ್ದಾರೆ.

ಆಪರೇಷನ್ ಆದ ಮೇಲೂ ಸೊಂಟ ನೋವು ಹೋಗಿಲ್ಲ ಅಂತಲೇ ನನ್ನ ಹತ್ತಿರ ಬರುತ್ತಾರೆ. ಸೊಂಟ ನೋವಿಗೆ ಕಾರಣ ಗರ್ಭಚೀಲ ಆಗಿದ್ದರೆ ತಾನೇ ಹೋಗುವುದು. ಬೆನ್ನು ಬಗ್ಗಿಸಿ ಹತ್ತಿ ಬಿಡಿಸಿ, ನೀರು ಹೊತ್ತು ಬಂದ ನೋವು ಅದು.

ಕಾಫಿತೋಟ
ಎಲ್ಲ ಓದಿದೆ. ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. 43ಕ್ಕೆ ನನ್ನ ಗರ್ಭಕೋಶ ತೆಗೆಸಿದೆ, ಚೆನ್ನಾಗಿದ್ದೇನೆ. ಅಡಿನೋಮಯೋಸಿಸ್ ಇತ್ತು. ಒಳಪೊರೆ ಗೋಡೆಯೊಳಗೇ ಬೆಳೆದು ಇಡೀ ಗರ್ಭಕೋಶ ಊದಿಕೊಳ್ಳುವ ಕಾಯಿಲೆ. ಮಾತ್ರೆ ನುಂಗಿದೆ, ವಂಕಿ ಹಾಕಿಸಿದೆ, ಅದು ಎರಡು ಸಲ ಜಾರಿ ಬಿತ್ತು. ತಿಂಗಳ ಅರ್ಧದಷ್ಟು ದಿನ ನೋವಿನಲ್ಲೇ ಕಳೆಯುತ್ತಿತ್ತು. ನನ್ನ ಡಾಕ್ಟರ್ ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರು.

ಆಪರೇಷನ್ ಅಂದರೆ ಮೋಸ, ತೆಗೆಸಿದವಳು ಪೆದ್ದಿ ಅನ್ನುವ ಹಾಗೆ ಮಾತಾಡಬೇಡಿ. ನನಗೂ ಸಂಬಂಧಿಕರು 'ಇನ್ನೊಂದು ಸ್ವಲ್ಪ ತಡೆದುಕೋ, ಮುಟ್ಟು ನಿಲ್ಲುವ ವಯಸ್ಸು ಬಂತಲ್ವಾ' ಅನ್ನುತ್ತಿದ್ದರು. ತಡೆದುಕೊಳ್ಳುವುದು ಯಾಕೆ ಯಾವಾಗಲೂ ಹೆಂಗಸಿನ ಪಾಲಿಗೇ? ತೆಗೆಸು ಅನ್ನುವವರೂ ಅವಳನ್ನು ಕೇಳುವುದಿಲ್ಲ, ತಡೆದುಕೋ ಅನ್ನುವವರೂ ಕೇಳುವುದಿಲ್ಲ.

ಬಿಸಿಲೂರು
ನಿಮ್ಮ ಮಾತು ಒಪ್ಪಿದೆ ಅಕ್ಕ. ನಿಮಗೆ ಕಾಯಿಲೆಯ ಹೆಸರು ಹೇಳಿದರು, ಬೇರೆ ದಾರಿ ತೋರಿಸಿದರು, ಆಮೇಲೆ ನೀವು ಹೂಂ ಅಂದಿರಿ. ನಮ್ಮ ತಾಂಡಾದವರಿಗೂ ಅಷ್ಟು ಸಿಗಲಿ ಅಂತಲೇ ನಾನು ಕೇಳುತ್ತಿರುವುದು.

ಅಂಕಿಅಂಶ_ಪ್ರಿಯ
ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಹಾಕುತ್ತೇನೆ. 2019-21ರ ಸುತ್ತಿನಲ್ಲಿ ಇಡೀ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 3ರಷ್ಟು ಜನ ಗರ್ಭಕೋಶ ತೆಗೆಸಿದ್ದರು. ಪಕ್ಕದ ಆಂಧ್ರ, ತೆಲಂಗಾಣದಲ್ಲಿ ಇದು ಶೇ. 8ರ ಮೇಲೆ. ಇಂಥ ಆಪರೇಷನ್‌ಗಳಲ್ಲಿ ಮೂರರಲ್ಲಿ ಎರಡು ಭಾಗ ಆಗಿದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಅರ್ಧಕ್ಕಿಂತ ಹೆಚ್ಚು ಹೆಂಗಸರು ಕೊಟ್ಟ ಕಾರಣ ಜಾಸ್ತಿ ಬ್ಲೀಡಿಂಗ್ ಅಥವಾ ನೋವು. ಅಂದರೆ ಮೊದಲು ಮಾತ್ರೆ ಕೊಟ್ಟು ನೋಡಬಹುದಾದ ತೊಂದರೆಗಳೇ ಜಾಸ್ತಿ.

ಕರ್ನಾಟಕದ ಎರಡು ಅಂಕಿಗಳನ್ನು ಇದರ ಜೊತೆ ಇಟ್ಟು ನೋಡಿ. ಶೇ. 57ರಷ್ಟು ವಿವಾಹಿತ ಹೆಂಗಸರಿಗೆ ಮಕ್ಕಳಾಗದ ಆಪರೇಷನ್ ಆಗಿದೆ. ಶೇ. 48ರಷ್ಟು ಹೆಂಗಸರಿಗೆ ರಕ್ತಹೀನತೆ. ಮೂವತ್ತು ತುಂಬುವ ಮುಂಚೆಯೇ ಹೆರಿಗೆಯ ಅಧ್ಯಾಯ ಮುಗಿಯುತ್ತದೆ, ಆಮೇಲೆ ಆರೋಗ್ಯ ವ್ಯವಸ್ಥೆ ಅವಳನ್ನು ಮರೆತುಬಿಡುತ್ತದೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇದ್ದಾಗ ಮನೆಗೆ ಬಂದು ಕರೆದೊಯ್ಯುತ್ತಿದ್ದವರು, 36ಕ್ಕೆ ರಕ್ತ ಹರಿದರೆ ಕೇಳುವುದಿಲ್ಲ.

ಅರಸೀಕೆರೆ_ರೈಲು
ಗಂಡಸು ಕೇಳಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೂ ಇದೇ ಸಮಸ್ಯೆ. ಆಸ್ಪತ್ರೆಯಲ್ಲಿ ಫಾರಂ ನನ್ನ ಕೈಗೆ ಕೊಟ್ಟು ಸಹಿ ಮಾಡಿ ಅಂದರು. ಅವಳಿಗೆ ಓದಲೂ ಕೊಡಲಿಲ್ಲ. ಕಾನೂನಿನಲ್ಲಿ ಯಾರ ಸಹಿ ಬೇಕು?

ಕರಿಕೋಟು
ಖಂಡಿತ ಕೇಳಬಹುದು, ಕೇಳಿದ್ದು ಒಳ್ಳೆಯದಾಯಿತು. ಬೇಕಾಗಿರುವುದು ಅವಳ ಸಹಿ. ವಯಸ್ಸಿಗೆ ಬಂದ, ಪ್ರಜ್ಞೆ ಇರುವ ಹೆಂಗಸಿನ ದೇಹಕ್ಕೆ ಆಗುವ ಆಪರೇಷನ್‌ಗೆ ಅವಳ ಒಪ್ಪಿಗೆಯೇ ಒಪ್ಪಿಗೆ. ಗಂಡನದು ಸಾಲದು, ಗಂಡನದು ಬೇಕೆಂದೂ ಇಲ್ಲ. ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಹೆಂಗಸು ಒಪ್ಪಿದ್ದು ದುರ್ಬೀನು ಹಾಕಿ ಪರೀಕ್ಷೆ ಮಾಡುವುದಕ್ಕೆ. ಆಕೆ ಅರಿವಳಿಕೆಯಲ್ಲಿ ಇದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆ ಅಲ್ಲ, ಜೀವಕ್ಕೆ ಅಪಾಯ ಇಲ್ಲದಾಗ ತಾಯಿಯ ಒಪ್ಪಿಗೆಗೆ ಬೆಲೆ ಇಲ್ಲ ಅಂತ ಕೋರ್ಟ್ ಹೇಳಿತು. ಏನು ಕಾಯಿಲೆ, ಬೇರೆ ದಾರಿ ಏನು, ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನೂ ಅವಳಿಗೆ ಅರ್ಥವಾಗುವ ಹಾಗೆ ಹೇಳಬೇಕು.

ಇನ್ನೊಂದು 2023ರ ಏಪ್ರಿಲ್‌ನದು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದಲ್ಲಿ ಬಡ ಹೆಂಗಸರ ಗರ್ಭಕೋಶ ಬೇಕಾಬಿಟ್ಟಿ ತೆಗೆಯುತ್ತಿದ್ದಾರೆ ಅಂತ ಡಾಕ್ಟರ್ ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿಯಲ್ಲಿ ತೀರ್ಪು ಬಂತು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಕೋರ್ಟ್ ಆದೇಶಿಸಿತು. ಈ ಆಪರೇಷನ್‌ಗಳ ಮೇಲೆ ಕಣ್ಣಿಡಲು ಜಿಲ್ಲೆ, ರಾಜ್ಯ, ದೇಶದ ಮಟ್ಟದಲ್ಲಿ ಸಮಿತಿ ಇರಬೇಕು. ನಮ್ಮಲ್ಲಿ ಖಾಸಗಿ ಆಸ್ಪತ್ರೆ ಮೇಲೆ ದೂರು ಇದ್ದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ಕೊಡಬಹುದು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆ ನಿಯಮದಲ್ಲೇ ಇದೆ. ಸ್ಕ್ಯಾನ್ ರಿಪೋರ್ಟ್, ಫಿಲ್ಮ್, ಚೀಟಿ ಯಾವುದನ್ನೂ ಅಲ್ಲೇ ಬಿಟ್ಟು ಬರಬೇಡಿ.

ಗುಲ್‌ಮೊಹರ್
ಅಂಡಾಶಯದ ಮಾತು ಬಂದದ್ದಕ್ಕೆ ಹೇಳುತ್ತಿದ್ದೇನೆ. ನನಗೆ 38ಕ್ಕೆ ಆಪರೇಷನ್ ಆಯಿತು. ಅಂಡಾಶಯವನ್ನೂ ತೆಗೆದಿದ್ದಾರೆ ಅಂತ ಗೊತ್ತಾದದ್ದು ತಿಂಗಳುಗಳಾದ ಮೇಲೆ, ಬೇರೆ ಡಾಕ್ಟರ್ ಡಿಸ್ಚಾರ್ಜ್ ಚೀಟಿ ಓದಿದಾಗ. ಅಷ್ಟು ಹೊತ್ತಿಗೆ ರಾತ್ರಿ ಬೆವರು, ನಿದ್ದೆ ಇಲ್ಲ, ಸಣ್ಣ ಮಾತಿಗೂ ಅಳು. ಗಂಡನ ಹತ್ತಿರ ಹೋಗಲೂ ನೋವು. ಮನೆಯವರು ಇವಳಿಗೆ ಏನೋ ಆಗಿದೆ ಅಂತ ದೇವರ ಹತ್ತಿರ ಕೇಳಿಸಲು ಹೊರಟಿದ್ದರು. ಒಂದೇ ದಿನದಲ್ಲಿ ಮುಟ್ಟು ನಿಂತ ವಯಸ್ಸಿಗೆ ನನ್ನನ್ನು ತಳ್ಳಿದ್ದರು ಅಂತ ಯಾರೂ ಹೇಳಿರಲಿಲ್ಲ.

ಸ್ತ್ರೀರೋಗ_ವೈದ್ಯೆ
ನಿಮಗಾದದ್ದು ಅನ್ಯಾಯ. ದಯವಿಟ್ಟು ಈಗಲಾದರೂ ಹಾರ್ಮೋನ್ ಚಿಕಿತ್ಸೆ ಬಗ್ಗೆ ಕೇಳಿ. ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದು ಸರಿಯಾದ ಕ್ರಮ. ಬೆವರು, ನಿದ್ದೆ ಮಾತ್ರ ಅಲ್ಲ, ಮೂಳೆ ಮತ್ತು ಹೃದಯವನ್ನೂ ಅದು ಕಾಪಾಡುತ್ತದೆ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ.

ಉಳಿದವರಿಗೆ: ಆಪರೇಷನ್ ಬೇಕೇ ಬೇಕು ಅಂತಾದರೂ 'ಅಂಡಾಶಯ ಉಳಿಸುತ್ತೀರಾ, ಉಳಿಸದಿದ್ದರೆ ಯಾಕೆ' ಅಂತ ಕೇಳಿ, ಉತ್ತರವನ್ನು ಫಾರಂನಲ್ಲಿ ಬರೆಸಿ. ಉಳಿಸಿದರೂ ಅವು ಕೆಲವು ವರ್ಷ ಬೇಗ ಸೋಲುವುದುಂಟು, ಅದನ್ನೂ ತಿಳಿದಿರಿ. ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿ ವರದಿ ಕೊಡಬೇಕು. ಆ ವರದಿ ಜೋಪಾನ. ಆಮೇಲೆ ಆರು ವಾರ ಭಾರ ಎತ್ತುವ ಹಾಗಿಲ್ಲ, ಕೂಲಿ, ಕೊಡಪಾನ ಯಾವುದೂ ಇಲ್ಲ. ಅಷ್ಟು ದಿನ ಮನೆಯ ಕೆಲಸ ಯಾರು ಮಾಡುತ್ತಾರೆ ಅಂತ ಮುಂಚೆಯೇ ಮಾತಾಡಿಕೊಳ್ಳಿ. 'ಇನ್ನೇಕೆ ಅದು' ಅಂದವರ ಹತ್ತಿರವೇ ಮಾತಾಡಿ.

ಬೆಳಗಾವಿ_ಕುಂದಾ
ಹಾರ್ಮೋನ್ ವಂಕಿ ಬಗ್ಗೆ ಅನುಭವ ಹೇಳುತ್ತೇನೆ. ಹಾಕಿಸಿದ ಮೊದಲ ಕೆಲವು ತಿಂಗಳು ಹನಿ ಹನಿ ಕಾಣಿಸಿಕೊಳ್ಳುತ್ತಲೇ ಇತ್ತು, ತೆಗೆಸಿಬಿಡೋಣ ಅನ್ನಿಸಿತ್ತು. ಡಾಕ್ಟರ್ ಆರು ತಿಂಗಳು ಕೊಡಿ ಅಂದಿದ್ದರು. ಆಮೇಲೆ ಮುಟ್ಟು ಹೆಸರಿಗಷ್ಟೇ ಉಳಿಯಿತು. ಆಗ ಅತ್ತೆಗೆ ಹೊಸ ಚಿಂತೆ. ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡು ವಿಷವಾಗುತ್ತದೆ ಅಂತ. ಇದನ್ನು ನಂಬಿ ವಂಕಿ ತೆಗೆಸಿದ ಇಬ್ಬರನ್ನು ನಾನು ಬಲ್ಲೆ. ಮೇಡಂ, ಸ್ವಲ್ಪ ವಿವರಿಸಿ.

ಸ್ತ್ರೀರೋಗ_ವೈದ್ಯೆ
ಒಳಗೆ ಕಟ್ಟಿಕೊಳ್ಳುವ ರಕ್ತವೇ ಇರುವುದಿಲ್ಲ. ಪ್ರತಿ ತಿಂಗಳು ಒಳಪೊರೆ ದಪ್ಪವಾಗಿ ಬೆಳೆದು ಉದುರಿದರೆ ತಾನೇ ಮುಟ್ಟು. ಇಲ್ಲಿ ಪೊರೆ ಬೆಳೆಯುವುದೇ ಇಲ್ಲ, ಉದುರಲು ಏನೂ ಇಲ್ಲ. ಮುಟ್ಟಿನ ರಕ್ತ ಕೆಟ್ಟ ರಕ್ತವೂ ಅಲ್ಲ. ಅತ್ತೆಯನ್ನೂ ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾನು ಎಷ್ಟೋ ಸಲ ಅತ್ತೆಯರಿಗೇ ಚಿತ್ರ ಬರೆದು ತೋರಿಸುತ್ತೇನೆ, ಅವರು ಒಪ್ಪಿದರೆ ಸೊಸೆಗೆ ನೆಮ್ಮದಿ.

ತುಂಗಾತೀರ
ಎಲ್ಲರಿಗೂ ಸುದ್ದಿ ಹೇಳಬೇಕು. ಕೊಟ್ಟಿದ್ದ ದಿನಕ್ಕೆ ಹೋಗಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ತೋರಿಸಿದೆವು. ಥೈರಾಯ್ಡ್ ಏರುಪೇರಾಗಿದೆ! ಅದಕ್ಕೆ ಮಾತ್ರೆ ಶುರುವಾಗಿದೆ, ಕಬ್ಬಿಣದ ಡ್ರಿಪ್ ಕೊಟ್ಟಿದ್ದಾರೆ. ಗಡ್ಡೆ ಒಳಪೊರೆಯನ್ನು ಮುಟ್ಟಿಲ್ಲವಂತೆ. ಸದ್ಯಕ್ಕೆ ಬ್ಲೀಡಿಂಗ್ ದಿನಗಳಿಗೆ ಮಾತ್ರೆ. ಮೂರು ತಿಂಗಳು ನೋಡಿ, ಸಾಲದಿದ್ದರೆ ವಂಕಿ ಅಂದಿದ್ದಾರೆ. ಭಾವನಿಗೆ ಮುಂಗಡ ಕಟ್ಟಿದ ದುಡ್ಡಿನ ಸಿಟ್ಟು ಇನ್ನೂ ಇಳಿದಿಲ್ಲ, ಮಾತಾಡುತ್ತಿಲ್ಲ. ತಂಗಿ ಮಾತ್ರ 'ಮೊದಲ ಸಲ ನನ್ನನ್ನೇ ನೋಡಿ ಮಾತಾಡಿದರು' ಅಂದಳು.

ಹೊಸದುರ್ಗ_ದಾಳಿಂಬೆ
ಈ ಚರ್ಚೆ ನೋಡಿ ಧೈರ್ಯ ಬಂತು. ನನ್ನ ಅಮ್ಮನಿಗೆ 58. ಮುಟ್ಟು ನಿಂತು ಏಳು ವರ್ಷವಾಗಿದೆ. ಎರಡು ವಾರದಿಂದ ಸ್ವಲ್ಪ ಸ್ವಲ್ಪ ಕೆಂಪು ಕಾಣಿಸುತ್ತಿದೆ. ನೋವೇನೂ ಇಲ್ಲ. ಡಾಕ್ಟರ್ ಹತ್ತಿರ ಹೋದರೆ ಸುಮ್ನೆ ಆಪರೇಷನ್ ಅನ್ನುತ್ತಾರೆ ಅಂತ ಅಮ್ಮ ಹೆದರಿದ್ದಾರೆ. ಟ್ರಾನೆಕ್ಸಾಮಿಕ್ ಮಾತ್ರೆ ಕೊಟ್ಟು ನೋಡಬಹುದಾ?

ಸ್ತ್ರೀರೋಗ_ವೈದ್ಯೆ
ಬೇಡ. ಇದು ಪೂರ್ತಿ ಬೇರೆ ವಿಷಯ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ಪರೀಕ್ಷೆ ಆಗಲೇಬೇಕು, ನೋವು ಇರಲಿ ಬಿಡಲಿ. ಇಂಥ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಇರುತ್ತದೆ. ಉಳಿದವರಿಗೆ ಹೆಚ್ಚಾಗಿ ಪೊರೆ ಒಣಗಿ ತೆಳ್ಳಗಾಗಿರುವುದು, ಪಾಲಿಪ್ ಅನ್ನುವ ಸಣ್ಣ ಗಂಟು ಅಂಥವು. ಯಾವುದು ಅಂತ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಮಾತ್ರೆ ಕೊಟ್ಟು ರಕ್ತ ನಿಲ್ಲಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ ಅಷ್ಟೇ.

ಈ ವಾರವೇ ಕರೆದುಕೊಂಡು ಹೋಗಿ. ಕೆಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಒಳಪೊರೆಯ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಬಯಾಪ್ಸಿ ಬೇಕು. ಕಡಿಮೆ ಇದ್ದೂ ರಕ್ತ ಮತ್ತೆ ಮತ್ತೆ ಬಂದರೂ ಬೇಕು. ಗರ್ಭಕಂಠವನ್ನೂ ಆಗಲೇ ನೋಡಿ, ಅಲ್ಲಿಯ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂದರೆ ಗರ್ಭಕೋಶ ತೆಗೆಯುವುದೇ ಮುಖ್ಯ ಚಿಕಿತ್ಸೆ. ಬೇಗ ಸಿಕ್ಕರೆ ಗುಣವಾಗುವ ಕ್ಯಾನ್ಸರ್ ಇದು. ಆಗ ಈ ಚರ್ಚೆಯಲ್ಲಿ ಓದಿದ್ದನ್ನು ನೆನೆದು ಆಪರೇಷನ್ ಮುಂದೂಡಬೇಡಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಕ್ಯಾನ್ಸರ್ ಸರ್ಜನ್ ಹತ್ತಿರವೇ ಮಾಡಿಸಿ.

ಹೊಸದುರ್ಗ_ದಾಳಿಂಬೆ
ಸರಿ ಮೇಡಂ. ನಾಳೆ ಬೆಳಿಗ್ಗೆಯ ಬಸ್ಸಿಗೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅಮ್ಮನಿಗೆ ನಿಮ್ಮ ಉತ್ತರವನ್ನೇ ಓದಿ ಹೇಳಿದೆ, ಒಪ್ಪಿದ್ದಾರೆ.